ವಾಲಚಂದರ ಕೈತಪ್ಪಿದ ವಿಮಾನ ಕಾರ್ಖಾನೆ

ಬೆಂಗಳೂರಿನ ಎಚ್‌ಎಎಲ್ ಎಲ್ಲರಿಗೂ ಚಿರಪರಿಚಿತ. ಅದಕ್ಕೆ ಅಡಿಪಾಯ ಹಾಕಿದ ಉದ್ಯಮಿ ವಾಲಚಂದ ಹಿರಾಚಂದರ ಹೆಸರು ಮಾತ್ರ ಅಷ್ಟಾಗಿ ಕೇಳಿಬರುವುದಿಲ್ಲ.

ಗಡಿನಾಡು ಸೊಲ್ಲಾಪುರದಲ್ಲಿ 1882ರಲ್ಲಿ ಜನಿಸಿದ ಅವರು, 1919ರಲ್ಲಿ ಸಿಂಧಿಯಾ ಹಡಗು ಕಂಪನಿಯ ಸ್ಥಾಪಕರಲ್ಲೊಬ್ಬರಾಗಿ ಬ್ರಿಟಿಷರ ಏಕಸ್ವಾಮ್ಯಕ್ಕೆ ಸವಾಲೊಡ್ಡಿದ್ದರು. ಚೀನಾಕ್ಕೆ ವಿಮಾನ ಪೂರೈಸುತ್ತಿದ್ದ ಅಮೆರಿಕದ ವಿಲಿಯಂ ಪಾಲಿ ಅವರ ನೆರವು ಹಾಗೂ ಮೈಸೂರು ಸರ್ಕಾರದ ಪಾಲುದಾರಿಕೆಯೊಂದಿಗೆ 1940ರ ಡಿಸೆಂಬರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿ ಆರಂಭಿಸಿದರು. ದಿವಾನರಾಗಿದ್ದವರು ಮಿರ್ಜಾ ಇಸ್ಮಾಯಿಲ್. ಮರುವರ್ಷವೇ ಹಾರ್ಲೋ ತರಬೇತಿ ವಿಮಾನ ಇಲ್ಲಿಂದ ಹಾರಿತು.

ಮಿತ್ರರಾಷ್ಟ್ರಗಳಿಗೆ ಯುದ್ಧಸಾಮಗ್ರಿ ಒದಗಿಸುವ ಲೆಂಡ್-ಲೀಸ್ ಕಾಯ್ದೆಯನ್ನು ಅಮೆರಿಕ ಜಾರಿಗೆ ತಂದದ್ದೂ 1941ರಲ್ಲಿಯೇ. 1942ರಲ್ಲಿ ಬರ್ಮಾ ಜಪಾನಿನ ವಶವಾಗಿ ರಸ್ತೆ ಮುಚ್ಚಿದಾಗ, ಚೀನಾದ ಪಾಲಿನ ನೆರವು ಹಿಮಾಲಯದ ಮೇಲೆ ವಿಮಾನಗಳಲ್ಲಿ ಸಾಗಬೇಕಾಯಿತು. ಅದೇ ವರ್ಷ ಭಾರತ ಸರ್ಕಾರ ವಾಲಚಂದರ ಪಾಲನ್ನು ಖರೀದಿಸಿತು. 1943ರಲ್ಲಿ ಕಾರ್ಖಾನೆಯು ಅಮೆರಿಕದ ವಾಯುಪಡೆಯ 84ನೇ ಡಿಪೋ ಆಯಿತು. ನಿರ್ಮಾಣದ ಕನಸು ಹಿಂದೆ ಸರಿದು ದುರಸ್ತಿಯೇ ಮುಖ್ಯವಾಯಿತು. ಕೆಟಲಿನಾ ಮೊದಲ್ಗೊಂಡು ಭಾರತ-ಬರ್ಮಾ ರಣರಂಗದ ವಿಮಾನಗಳು ಇಲ್ಲಿಯೇ ಮತ್ತೆ ಸಜ್ಜಾದವು.

ಯುದ್ಧಕಾಲದ ನೆರವನ್ನು ಟನ್ನುಗಳಲ್ಲಿ ಎಣಿಸುವವರಿಗೆ, ಯಂತ್ರ ಬಿಚ್ಚಿ ಜೋಡಿಸಲು ಕಲಿತ ಬೆಂಗಳೂರಿನ ಕೈಗಳು ಕಾಣುವುದಿಲ್ಲ. 1951ರಲ್ಲಿ ಸ್ವದೇಶಿ ವಿನ್ಯಾಸದ ಎಚ್‌ಟಿ-2 ಹಾರಿದ್ದು ಅದೇ ಕಾರ್ಖಾನೆಯಿಂದ. ವಾಲಚಂದರು 1953ರ ಏಪ್ರಿಲ್ 8ರಂದು ನಿಧನರಾದರು. ಕಾರ್ಖಾನೆ ಅವರದಾಗಿ ಉಳಿಯಲಿಲ್ಲ; ನಾಡಿಗೆ ಉಳಿಯಿತು.