ದೀಪ ಹಿಡಿದವರು ಲೆಕ್ಕವನ್ನೂ ಹಿಡಿದಿದ್ದರು

ನನ್ನ ಅಕ್ಕ ಸ್ಟಾಫ್ ನರ್ಸ್. ಎಂ.ಎಸ್ಸಿ ನರ್ಸಿಂಗ್ ಮುಗಿಸಿ ಸಂಶೋಧನೆ ಮಾಡಬೇಕೆಂಬುದು ಅವಳ ಆಸೆ. ಎರಡು ವರ್ಷ ಸಂಬಳ ಬಿಟ್ಟು ಓದಿದರೆ ಲಾಭವೇನು ಎಂಬುದು ಅಪ್ಪನ ಪ್ರಶ್ನೆ. ಬಿ.ಇ. ಓದುತ್ತಿರುವ ನನ್ನನ್ನು ಮಾತ್ರ ಯಾರೂ ಹಾಗೆ ಕೇಳಿರಲಿಲ್ಲ. ಆ ಮುಜುಗರದಲ್ಲೇ ಫ್ಲಾರೆನ್ಸ್ ನೈಟಿಂಗೇಲ್ ಬಗ್ಗೆ ಓದತೊಡಗಿದೆ. ಶಾಲೆಯ ಪಾಠದಲ್ಲಿ ಅವರು ದೀಪ ಹಿಡಿದ ಮಹಿಳೆ ಅಷ್ಟೇ.

1820ರ ಮೇ 12ರಂದು ಇಟಲಿಯ ಫ್ಲಾರೆನ್ಸ್‌ನಲ್ಲಿ ಶ್ರೀಮಂತ ಇಂಗ್ಲಿಷ್ ಕುಟುಂಬದಲ್ಲಿ ಹುಟ್ಟಿದ ಅವರಿಗೆ ಗಣಿತವೆಂದರೆ ಪ್ರಾಣ. ನರ್ಸ್ ಆಗುತ್ತೇನೆಂದಾಗ ಮನೆಯವರು ಸುತರಾಂ ಒಪ್ಪಲಿಲ್ಲ. ಹಟ ಬಿಡದೆ 1851ರಲ್ಲಿ ಜರ್ಮನಿಯಲ್ಲಿ ತರಬೇತಿ ಪಡೆದರು.

1854ರಲ್ಲಿ ಕ್ರಿಮಿಯಾ ಯುದ್ಧ. 38 ನರ್ಸ್‌ಗಳೊಂದಿಗೆ ಟರ್ಕಿಯ ಸ್ಕುಟಾರಿ ಸೇನಾ ಆಸ್ಪತ್ರೆಗೆ ಹೋದರು. ಅಲ್ಲಿ ಗಾಯಕ್ಕಿಂತ ಕಾಲರಾ, ಭೇದಿ, ಜ್ವರಗಳಿಂದ ಸಾಯುವವರೇ ಹೆಚ್ಚು. 1855ರ ಫೆಬ್ರುವರಿಯಲ್ಲಿ ನೂರಕ್ಕೆ 42ರಷ್ಟಿದ್ದ ಸಾವಿನ ಪ್ರಮಾಣ, ನೈರ್ಮಲ್ಯ ಆಯೋಗ ಬಂದು ಚರಂಡಿ ತೊಳೆಸಿದ ಮೇಲೆ, ಜೂನ್ ವೇಳೆಗೆ ಸುಮಾರು 2ಕ್ಕೆ ಇಳಿಯಿತು.

ಲಂಡನ್‌ಗೆ ಮರಳಿದವರು ಸನ್ಮಾನಗಳಿಂದ ದೂರ ಉಳಿದರು. ಸಂಖ್ಯಾಶಾಸ್ತ್ರಜ್ಞ ವಿಲಿಯಂ ಫಾರ್ ಜೊತೆ ಕುಳಿತು ಅಂಕಿಅಂಶ ಜೋಡಿಸಿದರು. ತಿಂಗಳಿಗೊಂದು ಎಸಳಿನಂತೆ ಬಣ್ಣದ ವೃತ್ತಚಿತ್ರ ಬರೆದು, ತಡೆಯಬಹುದಾದ ಸಾವುಗಳೆಷ್ಟು ಎಂದು ಆಳುವವರಿಗೆ ತೋರಿಸಿದರು. ಲಂಡನ್ನಿನ ಸಂಖ್ಯಾಶಾಸ್ತ್ರ ಸಂಘದ ಮೊದಲ ಮಹಿಳಾ ಸದಸ್ಯೆಯೂ ಆದರು.

ಭಾರತಕ್ಕೆ ಒಮ್ಮೆಯೂ ಬರದಿದ್ದರೂ ಇಲ್ಲಿನ ದಂಡು ಪ್ರದೇಶಗಳಿಗೆ ಪ್ರಶ್ನಾವಳಿ ಕಳಿಸಿ ಮಾಹಿತಿ ತರಿಸಿಕೊಂಡರು. ಇಲ್ಲಿದ್ದ ಬ್ರಿಟಿಷ್ ಸೈನಿಕರಲ್ಲಿ ಸಾವಿರಕ್ಕೆ 69 ಮಂದಿ ಪ್ರತಿವರ್ಷ ಸಾಯುತ್ತಿದ್ದರು. ಸತ್ತ ಒಬ್ಬೊಬ್ಬನ ಜಾಗಕ್ಕೂ ಇನ್ನೊಬ್ಬನನ್ನು ಸೇರಿಸಿಕೊಂಡು, ಕಲಿಸಿ, ಹಡಗು ಹತ್ತಿಸಬೇಕು. ಕಾಯಿಲೆಯ ಖರ್ಚಿಗೆ ಹೋಲಿಸಿದರೆ ಚರಂಡಿ, ಶುದ್ಧ ನೀರಿನ ಖರ್ಚು ದೊಡ್ಡದಲ್ಲ. ಸುಧಾರಣೆಗಳ ನಂತರ, 1873ರ ಹೊತ್ತಿಗೆ ಆ 69 ಎಂಬುದು 18ಕ್ಕೆ ಇಳಿದಿತ್ತು.

ನನಗೆ ಹೆಚ್ಚು ಹಿಡಿಸಿದ್ದು ಇನ್ನೊಂದು ಸಂಗತಿ. ಎಲ್ಲ ಆಸ್ಪತ್ರೆಗಳೂ ಒಂದೇ ನಮೂನೆಯಲ್ಲಿ ದಾಖಲೆ ಇಡಬೇಕೆಂದು 1860ರಲ್ಲಿ ಅವರು ಸೂಚಿಸಿದರು. ದೇಣಿಗೆ ಕೊಟ್ಟವರ ಹಣ ಎಲ್ಲಿ ಹೋಯಿತು, ಅದರಿಂದ ರೋಗಿಗಳಿಗೆ ನಿಜವಾಗಿ ಎಷ್ಟು ಒಳ್ಳೆಯದಾಯಿತು ಎಂಬುದು ಗೊತ್ತಾಗಲಿ ಎಂಬುದೂ ಅದರ ಉದ್ದೇಶವಾಗಿತ್ತು. ಅದೇ ವರ್ಷ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ನರ್ಸಿಂಗ್ ಶಾಲೆ ತೆರೆದರು. ವರ್ಷಗಟ್ಟಲೆ ಕಾಯಿಲೆಯಿಂದ ನರಳಿದರೂ ಬರೆಯುವುದನ್ನು ನಿಲ್ಲಿಸಲಿಲ್ಲ. 1910ರ ಆಗಸ್ಟ್ 13ರಂದು, 90ನೇ ವಯಸ್ಸಿನಲ್ಲಿ ನಿಧನರಾದರು.

ಮೊನ್ನೆ ರಾತ್ರಿ ಊಟ ಮಾಡುತ್ತಾ ಈ ಲೆಕ್ಕವನ್ನೆಲ್ಲ ಅಪ್ಪನಿಗೆ ಹೇಳಿದೆ. ರೋಗಿಯ ಹಾಸಿಗೆ ಪಕ್ಕದಲ್ಲಿ ಹಗಲಿರುಳು ಇರುವವಳು ಗಮನಿಸಿ, ಬರೆದಿಟ್ಟು, ಕಾರಣ ಹುಡುಕಿದರೆ ಜೀವವೂ ಉಳಿಯುತ್ತದೆ, ದುಡ್ಡೂ ಉಳಿಯುತ್ತದೆ ಎಂದೆ. ಅಪ್ಪ ಏನೂ ಹೇಳಲಿಲ್ಲ. ಕೈ ತೊಳೆದು ಬಂದವರು, ಅರ್ಜಿ ಹಾಕಲು ಕೊನೆಯ ದಿನ ಯಾವುದೆಂದು ಅಕ್ಕನನ್ನು ಕೇಳಿದರು.