ಮೈಕೆಲ್ ಫ್ಯಾರಡೆ

ಮೈಕೆಲ್ ಫ್ಯಾರಡೆ (22 ಸೆಪ್ಟೆಂಬರ್ 1791 – 25 ಆಗಸ್ಟ್ 1867) ಇಂಗ್ಲೆಂಡಿನ ಭೌತವಿಜ್ಞಾನಿ ಹಾಗೂ ರಸಾಯನವಿಜ್ಞಾನಿ. ಕಾಂತಕ್ಷೇತ್ರವು ಬೆಳಕಿನ ಧ್ರುವೀಕರಣವನ್ನು ಬದಲಿಸಬಲ್ಲದು ಎಂಬುದನ್ನು ಇವರು 1845ರಲ್ಲಿ ಪ್ರಯೋಗದ ಮೂಲಕ ತೋರಿಸಿದರು. 'ಫ್ಯಾರಡೆ ಪರಿಣಾಮ' ಎಂದು ಹೆಸರಾದ ಈ ವಿದ್ಯಮಾನವು ವಿದ್ಯುತ್ ಪ್ರವಾಹವನ್ನು ಅಳೆಯುವ ಆಪ್ಟಿಕಲ್ ಫೈಬರ್ ಸಂವೇದಕಗಳಿಗೆ ತಳಹದಿಯಾಗಿದೆ.

ಆರಂಭಿಕ ಜೀವನ

ಫ್ಯಾರಡೆ ಈಗಿನ ಲಂಡನ್ನಿಗೆ ಸೇರಿರುವ ನ್ಯೂಯಿಂಗ್ಟನ್ ಬಟ್ಸ್‌ನಲ್ಲಿ ಜನಿಸಿದರು. ತಂದೆ ಜೇಮ್ಸ್ ಕಮ್ಮಾರರಾಗಿದ್ದರು. ಬಡತನದಿಂದಾಗಿ ಶಾಲಾ ಶಿಕ್ಷಣ ಅಲ್ಪವೇ ದೊರೆಯಿತು. 14ನೆಯ ವಯಸ್ಸಿನಲ್ಲಿ ಜಾರ್ಜ್ ರೀಬೋ ಎಂಬುವರ ಬಳಿ ಪುಸ್ತಕಗಳಿಗೆ ರಟ್ಟು ಕಟ್ಟುವ ಕೆಲಸ ಕಲಿಯಲು ಸೇರಿದ ಇವರು, ಅಲ್ಲಿಗೆ ಬರುತ್ತಿದ್ದ ಗ್ರಂಥಗಳನ್ನು ಓದಿ ವಿಜ್ಞಾನದಲ್ಲಿ ಆಸಕ್ತಿ ಬೆಳೆಸಿಕೊಂಡರು. 1812ರಲ್ಲಿ ಹಂಫ್ರಿ ಡೇವಿಯವರ ಉಪನ್ಯಾಸಗಳನ್ನು ಕೇಳಿ, ಬರೆದುಕೊಂಡ ಟಿಪ್ಪಣಿಗಳಿಗೆ ತಾವೇ ರಟ್ಟು ಕಟ್ಟಿ ಅವರಿಗೆ ಕಳುಹಿಸಿದರು. 1813ರಲ್ಲಿ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಡೇವಿಯವರ ಸಹಾಯಕರಾಗಿ ನೇಮಕಗೊಂಡರು.

ಸಂಶೋಧನೆಗಳು

1820ರ ದಶಕದ ಉತ್ತರಾರ್ಧದಲ್ಲಿ ರಾಯಲ್ ಸೊಸೈಟಿಯ ಸಮಿತಿಯೊಂದರ ಪರವಾಗಿ ಮಸೂರಗಳಿಗೆ ಬೇಕಾದ ಉತ್ತಮ ಗಾಜನ್ನು ತಯಾರಿಸಲು ಫ್ಯಾರಡೆ ವರ್ಷಗಟ್ಟಲೆ ಶ್ರಮಿಸಿದರು. ನಿರೀಕ್ಷಿಸಿದ ಫಲ ದೊರೆಯದೆ ಆ ಕಾರ್ಯವನ್ನು ಕೈಬಿಡಬೇಕಾಯಿತು. 1831ರಲ್ಲಿ ವಿದ್ಯುತ್ಕಾಂತೀಯ ಪ್ರೇರಣೆಯನ್ನು ಕಂಡುಹಿಡಿದರು.

ಬೆಳಕಿಗೂ ವಿದ್ಯುತ್ ಹಾಗೂ ಕಾಂತತ್ವಗಳಿಗೂ ಸಂಬಂಧವಿರಬೇಕೆಂಬುದು ಇವರ ದೃಢ ನಂಬಿಕೆಯಾಗಿತ್ತು. ಧ್ರುವೀಕೃತ ಬೆಳಕಿನ ಮೇಲೆ ವಿದ್ಯುತ್ತಿನ ಪ್ರಭಾವವನ್ನು ಹುಡುಕಿದ ಪ್ರಯೋಗಗಳು ವಿಫಲವಾದಾಗ, ಪ್ರಬಲ ವಿದ್ಯುತ್ಕಾಂತವನ್ನು ಬಳಸಿದರು. 1845ರ ಸೆಪ್ಟೆಂಬರ್ 13ರಂದು ಹಲವು ಪದಾರ್ಥಗಳನ್ನು ಪರೀಕ್ಷಿಸಿದರೂ ಯಾವ ಬದಲಾವಣೆಯೂ ಕಾಣಲಿಲ್ಲ. ಕೊನೆಗೆ, ಹಿಂದೆ ತಾವೇ ತಯಾರಿಸಿದ್ದ ಸೀಸಯುಕ್ತ ಭಾರದ ಗಾಜಿನ ತುಂಡನ್ನು ಇರಿಸಿದಾಗ ಬೆಳಕಿನ ಧ್ರುವೀಕರಣ ತಲವು ತಿರುಗಿತು. ನಿಷ್ಫಲವೆಂದು ಕೈಬಿಟ್ಟಿದ್ದ ಕೆಲಸದಿಂದ ಉಳಿದ ಗಾಜೇ ಬೆಳಕು ಮತ್ತು ಕಾಂತತ್ವಗಳ ಸಂಬಂಧಕ್ಕೆ ಮೊದಲ ಪ್ರಾಯೋಗಿಕ ಪುರಾವೆ ಒದಗಿಸಿತು.

ಕೊನೆಯ ವರ್ಷಗಳು

1862ರಲ್ಲಿ ಬೆಳಕಿನ ರೋಹಿತ ರೇಖೆಗಳ ಮೇಲೆ ಕಾಂತಕ್ಷೇತ್ರದ ಪರಿಣಾಮವನ್ನು ಹುಡುಕಿದರೂ, ಅಂದಿನ ಉಪಕರಣಗಳಲ್ಲಿ ಅದು ಗೋಚರಿಸಲಿಲ್ಲ. 1896ರಲ್ಲಿ ಪೀಟರ್ ಜೀಮನ್ ಅದನ್ನು ಕಂಡರು. ಫ್ಯಾರಡೆ ಹ್ಯಾಂಪ್ಟನ್ ಕೋರ್ಟ್‌ನಲ್ಲಿ ನಿಧನರಾದರು. ಲಂಡನ್ನಿನ ಹೈಗೇಟ್ ಸ್ಮಶಾನದಲ್ಲಿ ಇವರ ಸಮಾಧಿಯಿದೆ.

ಇಂದಿನ ಬಳಕೆ

ಫ್ಯಾರಡೆ ಪರಿಣಾಮವನ್ನು ಆಧರಿಸಿದ ಸಂವೇದಕದಲ್ಲಿ ವಿದ್ಯುತ್ ವಾಹಕದ ಸುತ್ತ ಆಪ್ಟಿಕಲ್ ಫೈಬರನ್ನು ಸುತ್ತಿ, ಅದರೊಳಗೆ ಧ್ರುವೀಕೃತ ಬೆಳಕನ್ನು ಹಾಯಿಸಲಾಗುತ್ತದೆ. ಪ್ರವಾಹದಿಂದ ಉಂಟಾಗುವ ಕಾಂತಕ್ಷೇತ್ರವು ಧ್ರುವೀಕರಣ ತಲವನ್ನು ತಿರುಗಿಸುತ್ತದೆ. ತಿರುಗಿದ ಕೋನವು ಪ್ರವಾಹಕ್ಕೆ ಅನುಪಾತದಲ್ಲಿರುವುದರಿಂದ, ಕೋನವನ್ನು ಅಳೆದು ಪ್ರವಾಹವನ್ನು ತಿಳಿಯಬಹುದು. ಫೈಬರ್ ವಿದ್ಯುತ್ ನಿರೋಧಕವಾದ್ದರಿಂದ ಅಧಿಕ ವೋಲ್ಟೇಜಿನ ಮಾರ್ಗಗಳಲ್ಲಿಯೂ ಸುರಕ್ಷಿತವಾಗಿ ಅಳೆಯಲು ಈ ವಿಧಾನ ಸಹಕಾರಿಯಾಗಿದೆ.