ಈಶ್ವರಚಂದ್ರ ವಿದ್ಯಾಸಾಗರ

ಈಶ್ವರಚಂದ್ರ ವಿದ್ಯಾಸಾಗರ (26 ಸೆಪ್ಟೆಂಬರ್ 1820 – 29 ಜುಲೈ 1891) ಬಂಗಾಳದ ಸಂಸ್ಕೃತ ವಿದ್ವಾಂಸರು, ಶಿಕ್ಷಣತಜ್ಞರು ಹಾಗೂ ಸಮಾಜ ಸುಧಾರಕರು. 1856ರ ವಿಧವಾ ಪುನರ್ವಿವಾಹ ಕಾಯಿದೆಗಾಗಿ ನಡೆಸಿದ ಹೋರಾಟದಿಂದ ಅವರು ದೇಶದಾದ್ಯಂತ ಹೆಸರಾದರು. ಆದರೆ ಬಂಗಾಳದ ಮನೆಮನೆಗೆ ಅವರ ಹೆಸರನ್ನು ಒಯ್ದದ್ದು 'ವರ್ಣಪರಿಚಯ' ಎಂಬ ಚಿಕ್ಕ ಅಕ್ಷರಪುಸ್ತಕ.

ಜೀವನ

ಇಂದಿನ ಪಶ್ಚಿಮ ಮೇದಿನೀಪುರ ಜಿಲ್ಲೆಯ ಬೀರಸಿಂಹ ಗ್ರಾಮದ ಬಡ ಕುಟುಂಬದಲ್ಲಿ ಜನಿಸಿದರು. ತಂದೆ ಠಾಕುರದಾಸ ಬಂದ್ಯೋಪಾಧ್ಯಾಯ, ತಾಯಿ ಭಗವತೀದೇವಿ. ತಂದೆಯೊಡನೆ ಕಲ್ಕತ್ತೆಗೆ ನಡೆದುಹೋಗುವಾಗ ದಾರಿಯ ಮೈಲಿಗಲ್ಲುಗಳನ್ನು ನೋಡಿಯೇ ಇಂಗ್ಲಿಷ್ ಅಂಕಿಗಳನ್ನು ಕಲಿತರೆಂಬ ಕಥೆ ಪ್ರಸಿದ್ಧವಾಗಿದೆ. 1829ರಲ್ಲಿ ಸಂಸ್ಕೃತ ಕಾಲೇಜನ್ನು ಸೇರಿದರು. 1841ರಲ್ಲಿ ಫೋರ್ಟ್ ವಿಲಿಯಂ ಕಾಲೇಜಿನ ಪ್ರಧಾನ ಪಂಡಿತರಾಗಿ, 1851ರಲ್ಲಿ ತಾವು ಓದಿದ ಕಾಲೇಜಿಗೇ ಪ್ರಾಂಶುಪಾಲರಾದರು. ಸಂಸ್ಕೃತದಲ್ಲೇ ಇದ್ದ 'ಮುಗ್ಧಬೋಧ'ವನ್ನು ಅರ್ಥ ತಿಳಿಯುವ ಮೊದಲೇ ಬಾಯಿಪಾಠ ಮಾಡಬೇಕಾಗಿದ್ದ ವಿದ್ಯಾರ್ಥಿಗಳಿಗಾಗಿ, ಅದೇ ವರ್ಷ ಬಂಗಾಳಿಯಲ್ಲಿ 'ಉಪಕ್ರಮಣಿಕಾ' ಎಂಬ ಸಂಸ್ಕೃತ ವ್ಯಾಕರಣವನ್ನು ಬರೆದರು.

ವರ್ಣಪರಿಚಯ

1855ರಲ್ಲಿ ಎರಡು ಭಾಗಗಳಾಗಿ ಪ್ರಕಟವಾಯಿತು. ಅದುವರೆಗೆ ಮಕ್ಕಳು ಬಂಗಾಳಿಯಲ್ಲಿ ಎಂದೂ ಬಳಸದ ಅಕ್ಷರಗಳನ್ನೂ ತಿದ್ದುತ್ತಿದ್ದರು. ವಿದ್ಯಾಸಾಗರರು ದೀರ್ಘ ೠ, ದೀರ್ಘ ೡ ಸ್ವರಗಳನ್ನು ಕೈಬಿಟ್ಟರು. ಅನುಸ್ವಾರ, ವಿಸರ್ಗಗಳನ್ನು ಸ್ವರಗಳ ಸಾಲಿನಿಂದ ತೆಗೆದು ವ್ಯಂಜನಗಳ ಜೊತೆಗಿಟ್ಟರು. 'ಕ್ಷ' ಒತ್ತಕ್ಷರವೇ ಆದುದರಿಂದ ಅದಕ್ಕೆ ಮೂಲಾಕ್ಷರಗಳಲ್ಲಿ ಸ್ಥಾನ ಕೊಡಲಿಲ್ಲ. ಡ, ಢ, ಯ ಅಕ್ಷರಗಳ ಕೆಳಗೆ ಚುಕ್ಕೆಯಿಟ್ಟು ಬರೆಯುವ ರೂಪಗಳಿಗೆ ಬೇರೆಯೇ ಉಚ್ಚಾರವಿದ್ದುದರಿಂದ ಅವುಗಳನ್ನು ಪ್ರತ್ಯೇಕ ಅಕ್ಷರಗಳೆಂದು ಎಣಿಸಿದರು. ಸಂಸ್ಕೃತದ ಪಂಡಿತರೊಬ್ಬರು ಮಗುವಿನ ಕಿವಿಗೆ ಬೀಳುವ ಬಂಗಾಳಿಯನ್ನೇ ಪ್ರಮಾಣವಾಗಿ ಹಿಡಿದದ್ದು ಸಣ್ಣ ಧೈರ್ಯವಲ್ಲ.

ಮೊದಲ ಭಾಗದಲ್ಲಿ ಒತ್ತಕ್ಷರಗಳಿಲ್ಲ. ಎರಡನೆಯ ಭಾಗ ಪೂರ್ತಿಯಾಗಿ ಅವುಗಳಿಗೇ ಮೀಸಲು. ಒತ್ತಕ್ಷರದ ಪದಗಳನ್ನು ಬಿಡಿಸಿ ತೋರಿಸಿದರೆ ಸಾಕು, ಆ ಹಂತದಲ್ಲಿ ಅರ್ಥ ಹೇಳಿಕೊಡುವ ಶ್ರಮ ಬೇಡವೆಂದು ಶಿಕ್ಷಕರಿಗೆ ಸೂಚಿಸಿದ್ದರು. ಕಾಗುಣಿತ ಮತ್ತು ಅರ್ಥಗಳೆರಡನ್ನೂ ಒಮ್ಮೆಲೇ ಹೊರಿಸಿದರೆ ಮಗು ಎರಡರಲ್ಲೂ ಎಡವುತ್ತದೆ ಎಂಬುದನ್ನು ಪಾಠ ಹೇಳಿದವರು ಬಲ್ಲರು. ಇಂಗ್ಲಿಷಿನಿಂದ ಬಂದ ಅಲ್ಪವಿರಾಮ ಮೊದಲಾದ ಚಿಹ್ನೆಗಳು ಬಂಗಾಳಿ ಗದ್ಯದಲ್ಲಿ ನೆಲೆಯೂರಿದ್ದೂ ಮುಖ್ಯವಾಗಿ ಅವರ ಬರವಣಿಗೆಯಿಂದಲೇ.

ಪುಸ್ತಕದಲ್ಲಿ ಗೋಪಾಲನೆಂಬ ವಿಧೇಯ ಹುಡುಗನೂ ರಾಖಾಲನೆಂಬ ತುಂಟನೂ ಬರುತ್ತಾರೆ. ಬಾಲ್ಯದಲ್ಲಿ ವಿದ್ಯಾಸಾಗರರು ಗೋಪಾಲನಿಗಿಂತ ರಾಖಾಲನನ್ನೇ ಹೆಚ್ಚು ಹೋಲುತ್ತಿದ್ದರೆಂದು ರವೀಂದ್ರನಾಥ ಠಾಕೂರರು ಬರೆದಿದ್ದಾರೆ.

ಕೊನೆಯ ವರ್ಷಗಳು

1858ರಲ್ಲಿ ಸರ್ಕಾರಿ ಹುದ್ದೆಗೆ ರಾಜೀನಾಮೆಯಿತ್ತರು. ಮುಂದೆ ಹಲವು ವರ್ಷ ಇಂದಿನ ಝಾರ್ಖಂಡ್‌ನ ಕರ್ಮಾಟಾಡದಲ್ಲಿ ಸಂತಾಲರ ನಡುವೆ ನೆಲೆಸಿ, ಅವರಿಗೆ ಹೋಮಿಯೋಪಥಿ ಔಷಧ ಕೊಡುತ್ತಿದ್ದರು. 1891ರಲ್ಲಿ ಕಲ್ಕತ್ತೆಯಲ್ಲಿ ನಿಧನರಾದರು. 'ವರ್ಣಪರಿಚಯ' ಇಂದಿಗೂ ಅಚ್ಚಾಗುತ್ತಿದೆ.